ಎಕ್ಸ್‌ಚೇಂಜ್ ಅಪ್‌ಗ್ರೇಡ್‌ಗೆ ಮುಂಚಿನ ಆಕ್ಟಿವ್ ಡೈರೆಕ್ಟರಿ ತಯಾರಿ: ಎಲ್ಲಿ ಕೈಕೊಡುತ್ತದೆ, ಹೇಗೆ ಹುಡುಕಬೇಕು

ಎಕ್ಸ್‌ಚೇಂಜ್ ಸರ್ವರ್ ಅಪ್‌ಗ್ರೇಡ್ ಅಂದ ತಕ್ಷಣ ಎಲ್ಲರ ಗಮನ ಮೇಲ್‌ಬಾಕ್ಸ್, ಡಿಸ್ಕ್, ಸರ್ಟಿಫಿಕೇಟ್ ಕಡೆ ಹೋಗುತ್ತದೆ. ಆದರೆ ಸೆಟಪ್ ಮೊದಲು ಕೈಹಾಕುವುದು ಆಕ್ಟಿವ್ ಡೈರೆಕ್ಟರಿಗೆ, ಅಂದರೆ ಬಳಕೆದಾರರು, ಕಂಪ್ಯೂಟರ್‌ಗಳು, ಗ್ರೂಪ್‌ಗಳ ವಿವರ ಇಡುವ ವಿಂಡೋಸ್‌ನ ಡೈರೆಕ್ಟರಿಗೆ. ಅಲ್ಲಿ ಒಂದು ಎರರ್ ಬಂದು ನಿಂತರೆ ಮುಂದಿನದು ಯಾವುದೂ ನಡೆಯುವುದಿಲ್ಲ. ಆಗ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಅದೇ ಕಮಾಂಡನ್ನು ಮತ್ತೆ ಓಡಿಸುತ್ತಾರೆ, ಸರ್ವರ್ ರೀಸ್ಟಾರ್ಟ್ ಮಾಡುತ್ತಾರೆ, ಐಎಸ್‌ಒ ಫೈಲೇ ಕೆಟ್ಟಿರಬೇಕು ಅಂತ ಮತ್ತೊಮ್ಮೆ ಡೌನ್‌ಲೋಡ್‌ಗೆ ಹಾಕಿ ಕಾಯುತ್ತಾ ಕೂರುತ್ತಾರೆ. ಕೊನೆಗೆ ಎಕ್ಸ್‌ಚೇಂಜ್ ಮೇಲೆ ಗೂಬೆ ಕೂರಿಸುತ್ತಾರೆ.

ನನ್ನ ಅಭಿಪ್ರಾಯ ಬೇರೆ. ಈ ಹಂತದಲ್ಲಿ ಬರುವ ದೋಷಗಳಲ್ಲಿ ಹೆಚ್ಚಿನವು ಎಕ್ಸ್‌ಚೇಂಜ್‌ನವಲ್ಲ. ಡೈರೆಕ್ಟರಿಯಲ್ಲಿ ಎಷ್ಟೋ ಕಾಲದಿಂದ ಇದ್ದು ಯಾರ ಕಣ್ಣಿಗೂ ಬೀಳದ ತೊಂದರೆ, ಸೆಟಪ್ ಬಂದು ಮುಟ್ಟಿದಾಗ ಹೊರಗೆ ಬರುತ್ತದೆ ಅಷ್ಟೆ. ಹಾಗಾಗಿ ಹುಡುಕಾಟವನ್ನು ಡೈರೆಕ್ಟರಿಯಿಂದಲೇ ಶುರು ಮಾಡಿ. ಸೆಟಪ್ ಲಾಗ್ ಆಮೇಲೆ.

ಈಗ ಈ ಕೆಲಸ ಬಹಳ ಜನರ ತಲೆ ಮೇಲೆ ಬಂದಿರುವುದಕ್ಕೆ ಕಾರಣವೂ ಇದೆ. ಎಕ್ಸ್‌ಚೇಂಜ್ 2016 ಮತ್ತು 2019 ಎರಡಕ್ಕೂ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ಆವೃತ್ತಿಯಾದ ಸಬ್‌ಸ್ಕ್ರಿಪ್ಷನ್ ಎಡಿಷನ್ ಅದೇ ವರ್ಷದ ಜುಲೈನಲ್ಲಿ ಬಂತು. 2019ರ ಸಿಯು14 ಅಥವಾ ಸಿಯು15 (ಸಿಯು ಅಂದರೆ ಕ್ಯುಮ್ಯುಲೇಟಿವ್ ಅಪ್‌ಡೇಟ್) ಇದ್ದವರು ಇರುವ ಸರ್ವರ್ ಮೇಲೆಯೇ ಹೊಸದನ್ನು ಹಾಕಬಹುದು. 2016ರಲ್ಲಿ ಉಳಿದವರು ಹೊಸ ಸರ್ವರ್ ಕಟ್ಟಿ ಮೇಲ್‌ಬಾಕ್ಸ್‌ಗಳನ್ನು ಸಾಗಿಸಬೇಕು. ಸ್ಕೀಮಾ, ಅಂದರೆ ಡೈರೆಕ್ಟರಿಯಲ್ಲಿ ಯಾವ ಬಗೆಯ ಮಾಹಿತಿ ಇರಬಹುದು ಅನ್ನುವ ನಕ್ಷೆ, ದೊಡ್ಡದಾಗಿ ಬದಲಾಗುವುದು ಈ ಎರಡನೇ ಗುಂಪಿನವರಿಗೆ, ಎಡವುವುದೂ ಅವರೇ ಜಾಸ್ತಿ.

ಮೂರು ಹಂತ, ಮೂರು ಜಾಗ

ತಯಾರಿಯಲ್ಲಿ ಮೂರು ಹಂತಗಳಿವೆ. ಪ್ರಿಪೇರ್‌ಸ್ಕೀಮಾ, ಪ್ರಿಪೇರ್‌ಎಡಿ, ಪ್ರಿಪೇರ್‌ಡೊಮೇನ್. ಮೊದಲನೆಯದು ಡೈರೆಕ್ಟರಿಯ ಸ್ಕೀಮಾ ಪಾರ್ಟಿಷನ್‌ನಲ್ಲಿ (ಭಾಗದಲ್ಲಿ) ಬರೆಯುತ್ತದೆ, ಅಂದರೆ ಹೊಸ ಕ್ಲಾಸ್‌ಗಳು, ಹೊಸ ಆಟ್ರಿಬ್ಯೂಟ್‌ಗಳು. ಎರಡನೆಯದು ಮುಖ್ಯವಾಗಿ ಕಾನ್ಫಿಗರೇಷನ್ ಪಾರ್ಟಿಷನ್‌ನಲ್ಲಿ ಎಕ್ಸ್‌ಚೇಂಜ್ ಆರ್ಗನೈಸೇಷನ್‌ನ ಕಂಟೇನರ್‌ಗಳನ್ನು ಸಿದ್ಧಮಾಡುತ್ತದೆ, ಜೊತೆಗೆ ಫಾರೆಸ್ಟ್‌ನ (ಡೊಮೇನ್‌ಗಳೆಲ್ಲ ಸೇರಿದ ಇಡೀ ಡೈರೆಕ್ಟರಿಯ) ರೂಟ್ ಡೊಮೇನ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸೆಕ್ಯುರಿಟಿ ಗ್ರೂಪ್ಸ್ ಎಂಬ ಓಯು (ಆರ್ಗನೈಸೇಷನಲ್ ಯೂನಿಟ್) ಮಾಡಿ ಅದರಲ್ಲಿ ಗ್ರೂಪ್‌ಗಳನ್ನು ಹಾಕುತ್ತದೆ. ಮೂರನೆಯದು ಆಯಾ ಡೊಮೇನ್‌ಗೆ ಸೇರಿದ್ದು. ಪ್ರಿಪೇರ್‌ಎಡಿ ಓಡಿದ ಡೊಮೇನ್‌ನಲ್ಲಿ ಅದನ್ನು ಬೇರೆಯಾಗಿ ಓಡಿಸಬೇಕಿಲ್ಲ. ಇನ್ನುಳಿದ, ಮೇಲ್ ಬಳಸುವ ಜನರಿರುವ ಪ್ರತಿ ಡೊಮೇನ್‌ಗೂ ಬೇಕು. ಎಲ್ಲವನ್ನೂ ಒಂದೇ ಸಲ ಮಾಡಬೇಕಾದರೆ ಪ್ರಿಪೇರ್‌ಆಲ್‌ಡೊಮೇನ್ಸ್ ಇದೆ.

ಸಾಕಷ್ಟು ಅಧಿಕಾರವಿರುವ ಅಕೌಂಟ್‌ನಿಂದ ಸೆಟಪ್ ವಿಝಾರ್ಡ್ ಓಡಿಸಿದರೆ ಇದನ್ನೆಲ್ಲ ಅದೇ ಮಾಡಿಕೊಳ್ಳುತ್ತದೆ. ಹಾಗಿದ್ದರೂ ಬೇರೆ ಬೇರೆಯಾಗಿ ಮಾಡುವುದು ಒಳ್ಳೆಯದು. ತಪ್ಪಾದಾಗ ಯಾವ ಹಂತದಲ್ಲಿ ನಿಂತಿತು ಅಂತ ಗೊತ್ತಾದರೆ ಅರ್ಧ ಉತ್ತರ ಸಿಕ್ಕ ಹಾಗೆ. ವಿಝಾರ್ಡ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮಾಡಲು ಹೋಗುತ್ತದೆ, ಮಧ್ಯದಲ್ಲಿ ರೆಪ್ಲಿಕೇಷನ್‌ಗೆ, ಅಂದರೆ ಡೈರೆಕ್ಟರಿಯ ಪ್ರತಿ ಇಟ್ಟುಕೊಂಡ ಎಲ್ಲ ಡೊಮೇನ್ ಕಂಟ್ರೋಲರ್ ಸರ್ವರ್‌ಗಳಿಗೂ ಬದಲಾವಣೆ ತಲುಪುವುದಕ್ಕೆ, ಕಾಯುವ ಅವಕಾಶ ನಿಮಗೆ ಸಿಗುವುದಿಲ್ಲ.

ಪ್ರತಿ ಹಂತ ಮುಗಿದ ಗುರುತು ಒಂದು ಅಂಕಿಯಾಗಿ ಡೈರೆಕ್ಟರಿಯಲ್ಲೇ ಉಳಿಯುತ್ತದೆ. ಸ್ಕೀಮಾದಲ್ಲಿ ಎಂಎಸ್-ಎಕ್ಸ್‌ಚ್-ಸ್ಕೀಮಾ-ವರ್ಷನ್-ಪಿಟಿ ಎಂಬ ಆಬ್ಜೆಕ್ಟ್‌ನ ರೇಂಜ್‌ಅಪ್ಪರ್. ಕಾನ್ಫಿಗರೇಷನ್‌ನಲ್ಲಿ ನಿಮ್ಮ ಆರ್ಗನೈಸೇಷನ್ ಕಂಟೇನರ್‌ನ ಆಬ್ಜೆಕ್ಟ್‌ವರ್ಷನ್. ಡೊಮೇನ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸಿಸ್ಟಮ್ ಆಬ್ಜೆಕ್ಟ್ಸ್ ಕಂಟೇನರ್‌ನ ಆಬ್ಜೆಕ್ಟ್‌ವರ್ಷನ್. ಎಡಿಎಸ್‌ಐ ಎಡಿಟ್ (ಡೈರೆಕ್ಟರಿಯ ಒಳಗನ್ನು ನೇರವಾಗಿ ತೋರಿಸುವ ಸಾಧನ) ತೆರೆದು ಮೂರನ್ನೂ ಏನೂ ಮುಟ್ಟುವ ಮೊದಲೇ ಬರೆದಿಟ್ಟುಕೊಳ್ಳಿ. 2016ರ ಸಿಯು23 ಇರುವ ಕಡೆ ಇವು 15334, 16223, 13243 ಇರುತ್ತವೆ. 2019ರ ಸಿಯು15 ತಯಾರಿ ಆದಮೇಲೆ 17003, 16763, 13243. ಮೂರನೆಯ ಅಂಕಿ ಎರಡರಲ್ಲೂ ಒಂದೇ ಇದೆ ನೋಡಿ, ಅದು ಬದಲಾಗಲಿಲ್ಲ ಅಂತ ಗಾಬರಿಯಾಗಬೇಡಿ. ಹಾಗೆಯೇ 17003 ಅನ್ನುವುದು 2019ರ ಸಿಯು10ರಿಂದ ಸಿಯು15ರವರೆಗೂ ಒಂದೇ. ರೇಂಜ್‌ಅಪ್ಪರ್ ಒಂದನ್ನೇ ನೋಡಿ ತಯಾರಿ ಆಗಿದೆ ಅಂತ ತೀರ್ಮಾನ ಮಾಡಿದರೆ ಮೋಸಹೋಗುತ್ತೀರಿ.

ಮೊದಲು ರೆಪ್ಲಿಕೇಷನ್

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿಗೆ. ರೆಪ್‌ಅಡ್ಮಿನ್ ಕಮಾಂಡ್‌ಗೆ ರೆಪ್ಲ್‌ಸಮ್ಮರಿ ಸ್ವಿಚ್ ಹಾಕಿ ಓಡಿಸಿ. ಪ್ರತಿ ಡೊಮೇನ್ ಕಂಟ್ರೋಲರ್ (ಡಿಸಿ) ಕೊನೆಯ ಸಲ ಯಾವಾಗ ಸರಿಯಾಗಿ ಮಾತಾಡಿಕೊಂಡಿತು, ಎಷ್ಟು ಸಲ ಸೋತಿತು ಅನ್ನುವುದು ಒಂದೇ ಪರದೆಯಲ್ಲಿ ಬರುತ್ತದೆ. ಫೇಲ್ ಕಾಲಂನಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ಅಲ್ಲೇ ನಿಲ್ಲಿ. ‘ಅದು ಬ್ರಾಂಚ್ ಆಫೀಸಿನ ಡಿಸಿ, ನಮಗೂ ಅದಕ್ಕೂ ಸಂಬಂಧ ಇಲ್ಲ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಸ್ಕೀಮಾ ಮತ್ತು ಕಾನ್ಫಿಗರೇಷನ್ ಇಡೀ ಫಾರೆಸ್ಟ್‌ಗೆ ಸೇರಿದ್ದು, ಪ್ರತಿ ಡಿಸಿ ಹತ್ತಿರವೂ ಅದರ ಪ್ರತಿ ಇರುತ್ತದೆ.

ಎರರ್ ನಂಬರ್ ನೋಡಿದರೆ ದಾರಿ ಬೇಗ ಗೊತ್ತಾಗುತ್ತದೆ. 1722 ಬಂದರೆ ಆರ್‌ಪಿಸಿ ತಲುಪುತ್ತಿಲ್ಲ, ಫೈರ್‌ವಾಲ್ ನೋಡಿ ಅಥವಾ ಆ ಯಂತ್ರ ಬದುಕಿದೆಯಾ ನೋಡಿ. 8524 ಬಂದರೆ ಡಿಎನ್‌ಎಸ್. 8453 ಬಂದರೆ ರೆಪ್ಲಿಕೇಷನ್‌ಗೆ ಅನುಮತಿ ಇಲ್ಲ. 8606 ಬಂದರೆ ಲಿಂಗರಿಂಗ್ ಆಬ್ಜೆಕ್ಟ್‌ಗಳು ಉಳಿದುಕೊಂಡಿವೆ, ಅಂದರೆ ಒಂದು ಕಡೆ ಅಳಿಸಿ ಹೋದದ್ದು ಇನ್ನೊಂದು ಕಡೆ ಹಾಗೇ ಕೂತಿದೆ. 8614 ಬಂದರೆ ಆ ಡಿಸಿ ಟೂಂಬ್‌ಸ್ಟೋನ್ ಅವಧಿ (ಅಳಿಸಿದ ಆಬ್ಜೆಕ್ಟ್‌ನ ಗುರುತು ಉಳಿಯುವ ಕಾಲ) ದಾಟುವಷ್ಟು ಕಾಲ ಸಂಪರ್ಕ ಬಿಟ್ಟಿದೆ. ಆ ಅವಧಿ ಈಗಿನ ಫಾರೆಸ್ಟ್‌ಗಳಲ್ಲಿ ಸಾಮಾನ್ಯವಾಗಿ 180 ದಿನ, ಬಹಳ ಹಳೆಯದಾದರೆ 60. ಅಂಥ ಡಿಸಿಯನ್ನು ಬಲವಂತವಾಗಿ ಮತ್ತೆ ಸೇರಿಸಲು ಹೋಗಬೇಡಿ. ಡಿಮೋಟ್ ಮಾಡಿ (ಡಿಸಿ ಪಾತ್ರ ತೆಗೆದು) ಹೊಸದಾಗಿ ಪ್ರೊಮೋಟ್ ಮಾಡುವುದೇ ಕಡಿಮೆ ತಲೆನೋವು.

ಇನ್ನೊಂದು ಬಗೆ ಇದೆ, ಇದು ನಿಜಕ್ಕೂ ಕಾಡುತ್ತದೆ. ಸತ್ತುಹೋದ ಡಿಸಿ. ಹಾರ್ಡ್‌ವೇರ್ ಕೆಟ್ಟಿತು, ಯಾರೋ ಎತ್ತಿ ಮೂಲೆಗಿಟ್ಟರು, ಡಿಮೋಟ್ ಮಾಡಲಿಲ್ಲ. ಡೈರೆಕ್ಟರಿಯ ಲೆಕ್ಕದಲ್ಲಿ ಅದು ಇನ್ನೂ ಇದೆ. ಸ್ಕೀಮಾ ಮಾಸ್ಟರ್ ಪಾತ್ರ ಹೊತ್ತ, ಅಂದರೆ ಸ್ಕೀಮಾ ಬದಲಿಸುವ ಅಧಿಕಾರವಿರುವ ಒಂದೇ ಡಿಸಿ ರೀಸ್ಟಾರ್ಟ್ ಆದಾಗ, ಆ ಪಾತ್ರ ನಿಭಾಯಿಸುವ ಮೊದಲು ಯಾರಾದರೂ ಒಬ್ಬ ಜೊತೆಗಾರನಿಂದ ಸ್ಕೀಮಾ ಪಾರ್ಟಿಷನ್ ಅನ್ನು ಒಮ್ಮೆಯಾದರೂ ತರಿಸಿಕೊಳ್ಳಬೇಕು. ಅದರ ಜೊತೆಗಾರ ಅಂತ ಇರುವುದು ಆ ಸತ್ತ ಡಿಸಿ ಒಂದೇ ಆದರೆ ಏನಾಗುತ್ತದೆ ಹೇಳಿ? ಕಾಯುತ್ತಲೇ ಇರುತ್ತದೆ. ಪಾತ್ರ ಹೆಸರಿಗೆ ಇದೆ, ಕೆಲಸ ಮಾಡುವುದಿಲ್ಲ. ಆ ಡಿಸಿಯ ಡೈರೆಕ್ಟರಿ ಸರ್ವೀಸ್ ಲಾಗ್‌ನಲ್ಲಿ 2092 ಎಂಬ ಇವೆಂಟ್ ಹುಡುಕಿ. ‘ಈ ಪಾತ್ರ ನನ್ನದು, ಆದರೆ ಅದನ್ನು ಸರಿ ಅಂತ ಒಪ್ಪುತ್ತಿಲ್ಲ’ ಅನ್ನುವ ಅರ್ಥದ ಮಾತು ಅದರಲ್ಲಿರುತ್ತದೆ. ಪರಿಹಾರ ಸತ್ತ ಡಿಸಿಯ ಮೆಟಾಡೇಟಾ ತೆಗೆಯುವುದು. ಯೂಸರ್ಸ್ ಅಂಡ್ ಕಂಪ್ಯೂಟರ್ಸ್‌ನಲ್ಲಿ ಅದರ ಕಂಪ್ಯೂಟರ್ ಅಕೌಂಟ್ ಅಳಿಸಿದರೆ ಬಹುತೇಕ ಎಲ್ಲವೂ ಹೋಗುತ್ತದೆ. ಸೈಟ್ಸ್ ಅಂಡ್ ಸರ್ವೀಸಸ್ ಮತ್ತು ಡಿಎನ್‌ಎಸ್‌ನಲ್ಲಿ ಉಳಿದ ಚೂರುಪಾರನ್ನೂ ನೋಡಿ ತೆಗೆಯಿರಿ.

ಹಳೆಯ ಕಾಲದ ಒಂದು ಸಲಹೆಯಿಂದಲೂ ಕೆಲವರು ಸಿಕ್ಕಿಹಾಕಿಕೊಳ್ಳುತ್ತಾರೆ. ಸ್ಕೀಮಾ ಬದಲಿಸುವ ಮೊದಲು ಸ್ಕೀಮಾ ಮಾಸ್ಟರ್‌ನಿಂದ ಹೊರಹೋಗುವ ರೆಪ್ಲಿಕೇಷನ್ ನಿಲ್ಲಿಸಿ, ತಪ್ಪಾದರೆ ಆ ಒಂದು ಡಿಸಿಯನ್ನೇ ಬಿಸಾಡಬಹುದು ಅಂತ. ಯೋಚನೆ ಕೆಟ್ಟದ್ದೇನಲ್ಲ. ಆದರೆ ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡಲು ಮರೆಯುತ್ತಾರೆ, ಅಥವಾ ಹಿಂದಿನ ಅಪ್‌ಗ್ರೇಡ್‌ನಲ್ಲಿ ಯಾರೋ ನಿಲ್ಲಿಸಿ ಬಿಟ್ಟಿದ್ದು ಹಾಗೇ ಉಳಿದಿರುತ್ತದೆ. ರೆಪ್‌ಅಡ್ಮಿನ್‌ಗೆ ಆಪ್ಷನ್ಸ್ ಸ್ವಿಚ್ ಕೊಟ್ಟು ಆ ಡಿಸಿಯ ಹೆಸರು ಹಾಕಿ. ಡಿಸೇಬಲ್ ಔಟ್‌ಬೌಂಡ್ ಅಥವಾ ಡಿಸೇಬಲ್ ಇನ್‌ಬೌಂಡ್ ಅಂತ ಕಂಡರೆ ಅದೇ ಕಾರಣ. ಜೊತೆಗೆ 8456, 8457 ಎರರ್‌ಗಳೂ ಇದನ್ನೇ ಹೇಳುತ್ತವೆ. ಅದನ್ನು ತೆಗೆಯುವ ಮುಂಚೆ ಮಾತ್ರ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಸ್ನಾಪ್‌ಶಾಟ್‌ನಿಂದ ಡಿಸಿಯನ್ನು ಹಿಂದಕ್ಕೆ ತಂದ ಕಡೆ ವಿಂಡೋಸ್ ತಾನೇ ರೆಪ್ಲಿಕೇಷನ್ ನಿಲ್ಲಿಸಿರಬಹುದು, 2095 ಇವೆಂಟ್ ಇದ್ದರೆ ಅದು ಯುಎಸ್‌ಎನ್ ರೋಲ್‌ಬ್ಯಾಕ್, ಅಂದರೆ ಡಿಸಿಯ ಬದಲಾವಣೆಗಳ ಲೆಕ್ಕ ಹಿಂದಕ್ಕೆ ಹೋಗಿದೆ. ಆಗ ಸ್ವಿಚ್ ತಿರುಗಿಸಿ ಮತ್ತೆ ಶುರು ಮಾಡುವುದು ಪರಿಹಾರವೇ ಅಲ್ಲ, ಆ ಡಿಸಿಯನ್ನು ತೆಗೆದು ಹೊಸದು ಮಾಡಬೇಕು.

ಗಡಿಯಾರವನ್ನೂ ಒಮ್ಮೆ ನೋಡಿಬಿಡಿ. ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕೆರ್ಬರಾಸ್ (ಡೊಮೇನ್‌ನಲ್ಲಿ ಗುರುತು ಪರೀಕ್ಷಿಸುವ ವ್ಯವಸ್ಥೆ) ಒಪ್ಪುವುದಿಲ್ಲ.

ನೀವು ನಿಂತ ಜಾಗ ಸರಿಯೇ?

ಬಹಳ ಸಲ ಬರುವ ಎರರ್ ಒಂದಿದೆ. ಆರ್ಗನೈಸೇಷನ್ ಮಟ್ಟದ ಆಬ್ಜೆಕ್ಟ್‌ಗಳು ಇಲ್ಲ, ಈ ಕಂಪ್ಯೂಟರ್ ಸ್ಕೀಮಾ ಮಾಸ್ಟರ್ ಇರುವ ಡೊಮೇನ್ ಮತ್ತು ಸೈಟ್‌ನಲ್ಲಿ (ಒಂದು ಜಾಗದ ಸಬ್‌ನೆಟ್‌ಗಳ ಗುಂಪಿನಲ್ಲಿ) ಇಲ್ಲದ ಕಾರಣ ಸೆಟಪ್ ಅವನ್ನು ಮಾಡಲಾರದು, ಇಂಥ ಡೊಮೇನ್ ಇಂಥ ಸೈಟ್‌ನಲ್ಲಿ ಓಡಿಸಿ ಅಂತ ಉದ್ದಕ್ಕೆ ಹೇಳುತ್ತದೆ. ಇದನ್ನು ಓದದೆ ಅನುಮತಿ ಸಮಸ್ಯೆ ಅಂದುಕೊಂಡು ಗ್ರೂಪ್‌ಗಳ ಮೇಲೆ ಗ್ರೂಪ್ ಸೇರಿಸುತ್ತಾ ಹೋಗುವವರಿದ್ದಾರೆ. ಎರರ್ ತನ್ನಲ್ಲೇ ಉತ್ತರ ಇಟ್ಟುಕೊಂಡಿರುವ ಅಪರೂಪದ ಸಂದರ್ಭ ಇದು, ಪೂರ್ತಿ ಓದಿ.

ಸ್ಕೀಮಾ ಮಾಸ್ಟರ್ ಯಾರು ಅಂತ ತಿಳಿಯಲು ನೆಟ್‌ಡಾಮ್ ಕ್ವೆರಿ ಎಫ್‌ಎಸ್‌ಎಂಒ. ನಿಮ್ಮ ಯಂತ್ರ ಯಾವ ಸೈಟ್‌ನಲ್ಲಿದೆ ಅಂತ ತಿಳಿಯಲು ಎನ್‌ಎಲ್‌ಟೆಸ್ಟ್‌ಗೆ ಡಿಎಸ್‌ಗೆಟ್‌ಸೈಟ್ ಸ್ವಿಚ್. ಎರಡೂ ಒಂದೇ ಕಟ್ಟಡದಲ್ಲಿದ್ದರೂ ಸೈಟ್ ಬೇರೆ ತೋರಿಸಬಹುದು. ಕಾರಣ ಸಾಮಾನ್ಯವಾಗಿ ಸಬ್‌ನೆಟ್. ಹೊಸ ಸರ್ವರ್‌ಗೆ ನೆಟ್‌ವರ್ಕ್ ತಂಡದವರು ಹೊಸ ಸಬ್‌ನೆಟ್ ಕೊಟ್ಟಿರುತ್ತಾರೆ, ಅದನ್ನು ಸೈಟ್ಸ್ ಅಂಡ್ ಸರ್ವೀಸಸ್‌ನಲ್ಲಿ ಯಾರೂ ಸೇರಿಸಿರುವುದಿಲ್ಲ. ಡಿಸಿಯ ಡೀಬಗ್ ಫೋಲ್ಡರ್‌ನಲ್ಲಿರುವ ನೆಟ್‌ಲಾಗಾನ್ ಲಾಗ್‌ನಲ್ಲಿ ನೋ ಕ್ಲೈಂಟ್ ಸೈಟ್ ಎಂಬ ಸಾಲಿನ ಜೊತೆ ಆ ಐಪಿ ಇದ್ದರೆ ಖಾತ್ರಿ. ಸಬ್‌ನೆಟ್ ಸೇರಿಸಿ, ಸರಿಯಾದ ಸೈಟ್‌ಗೆ ಕಟ್ಟಿ, ನೆಟ್‌ಲಾಗಾನ್ ಸರ್ವೀಸ್ ರೀಸ್ಟಾರ್ಟ್ ಮಾಡಿ.

ಎಕ್ಸ್‌ಚೇಂಜ್ ಇರುವುದು ಚೈಲ್ಡ್ ಡೊಮೇನ್‌ನಲ್ಲಿ, ಸ್ಕೀಮಾ ಮಾಸ್ಟರ್ ಇರುವುದು ರೂಟ್‌ನಲ್ಲಿ ಆದರೆ ಸಬ್‌ನೆಟ್ ತಿದ್ದಿ ಪ್ರಯೋಜನವಿಲ್ಲ. ತಯಾರಿಯನ್ನು ರೂಟ್ ಡೊಮೇನ್‌ನ ಯಾವುದಾದರೂ ಯಂತ್ರದಲ್ಲಿ ಓಡಿಸಬೇಕು. ಅದು ಎಕ್ಸ್‌ಚೇಂಜ್ ಸರ್ವರ್ ಆಗಿರಬೇಕಿಲ್ಲ. ಡಾಟ್‌ನೆಟ್ 4.8, ವಿಷುವಲ್ ಸಿ++ ಪ್ಯಾಕೇಜ್, ಆರ್‌ಸ್ಯಾಟ್-ಎಡಿಡಿಎಸ್ (ಆಕ್ಟಿವ್ ಡೈರೆಕ್ಟರಿ ನಿರ್ವಹಣೆಯ ಸಾಧನಗಳು) ಇದ್ದರೆ ಸಾಕು. ಈ ಕೊನೆಯದು ಇಲ್ಲದಿದ್ದರೆ ಸ್ಕೀಮಾ ತುಂಬುವ ಎಲ್‌ಡಿಐಎಫ್‌ಡಿಇ ಸಾಧನವೇ ಇರುವುದಿಲ್ಲ. ಪ್ರಿಪೇರ್‌ಎಡಿ ಓಡಿಸುವ ಯಂತ್ರದಿಂದ ಫಾರೆಸ್ಟ್‌ನ ಎಲ್ಲ ಡೊಮೇನ್‌ಗಳಿಗೂ ಟಿಸಿಪಿ 389 ತೆರೆದಿರಬೇಕು ಅನ್ನುವುದು ಬೇಗ ಮರೆತುಹೋಗುವ ವಿಷಯ.

ಇನ್ನು ಅಧಿಕಾರ. ಸ್ಕೀಮಾಗೆ ಸ್ಕೀಮಾ ಅಡ್ಮಿನ್ಸ್ ಮತ್ತು ಎಂಟರ್‌ಪ್ರೈಸ್ ಅಡ್ಮಿನ್ಸ್ ಎರಡೂ ಬೇಕು. ಪ್ರಿಪೇರ್‌ಎಡಿಗೆ ಎಂಟರ್‌ಪ್ರೈಸ್ ಅಡ್ಮಿನ್ಸ್. ಒಂದೇ ಡೊಮೇನ್ ತಯಾರಿಗೆ ಆ ಡೊಮೇನ್‌ನ ಡೊಮೇನ್ ಅಡ್ಮಿನ್ಸ್. ಗ್ರೂಪ್‌ಗೆ ಸೇರಿಸಿದ ಮೇಲೂ ‘ನೀವು ಸದಸ್ಯರಲ್ಲ’ ಅಂತ ಬರುತ್ತಿದೆಯಾ? ಲಾಗ್ಆಫ್ ಆಗಿ ಮತ್ತೆ ಒಳಗೆ ಬಂದಿಲ್ಲ, ಅಥವಾ ಕಮಾಂಡ್ ಪ್ರಾಂಪ್ಟನ್ನು ರನ್ ಆಸ್ ಅಡ್ಮಿನಿಸ್ಟ್ರೇಟರ್ ಅಂತ ತೆರೆದಿಲ್ಲ, ಇವೆರಡರಲ್ಲಿ ಒಂದು. ಹೂಆಮ್‌ಐಗೆ ಗ್ರೂಪ್ಸ್ ಸ್ವಿಚ್ ಹಾಕಿ ನೋಡಿ. ಎಸ್‌ಐಡಿ (ಗ್ರೂಪ್‌ನ ಗುರುತಿನ ಸಂಖ್ಯೆ) ಕೊನೆಯಲ್ಲಿ 518 ಇರುವುದು ಸ್ಕೀಮಾ ಅಡ್ಮಿನ್ಸ್, 519 ಇರುವುದು ಎಂಟರ್‌ಪ್ರೈಸ್ ಅಡ್ಮಿನ್ಸ್. ಅವು ಪಟ್ಟಿಯಲ್ಲಿ ಇಲ್ಲದಿದ್ದರೆ ಡೈರೆಕ್ಟರಿಯಲ್ಲಿ ಏನೇ ತೋರಿಸಲಿ, ಸೆಟಪ್‌ಗೆ ನೀವು ಸದಸ್ಯರಲ್ಲ.

ಫಾರೆಸ್ಟ್ ಫಂಕ್ಷನಲ್ ಲೆವೆಲ್ 2012 ಆರ್2ಗಿಂತ ಕೆಳಗಿದ್ದರೆ ಎಕ್ಸ್‌ಚೇಂಜ್ 2019 ಒಪ್ಪುವುದಿಲ್ಲ. 2019ರ ಸಿಯು15 ಆದರೆ ಆರ್ಗನೈಸೇಷನ್‌ನಲ್ಲಿ 2013ರ ಒಂದು ಸರ್ವರ್ ಹೆಸರು ಉಳಿದಿದ್ದರೂ ತಡೆಯುತ್ತದೆ, ಆ ಯಂತ್ರ ನಿಜಕ್ಕೂ ಇದೆಯೋ ಇಲ್ಲವೋ ಅದಕ್ಕೆ ಬೇಕಾಗಿಲ್ಲ. ಅನ್‌ಇನ್‌ಸ್ಟಾಲ್ ಮಾಡದೆ ಆಫ್ ಮಾಡಿಬಿಟ್ಟ ಸರ್ವರ್‌ಗಳ ಹೆಸರು ಕಾನ್ಫಿಗರೇಷನ್ ಪಾರ್ಟಿಷನ್‌ನಲ್ಲಿ ಹಾಗೇ ಇರುತ್ತದೆ.

ಲಾಗ್ ಓದುವ ಬಗೆ

ಸಿ ಡ್ರೈವ್‌ನಲ್ಲಿ ಎಕ್ಸ್‌ಚೇಂಜ್‌ಸೆಟಪ್‌ಲಾಗ್ಸ್ ಎಂಬ ಫೋಲ್ಡರ್ ಇದೆ, ಅದರೊಳಗೆ ಎಕ್ಸ್‌ಚೇಂಜ್‌ಸೆಟಪ್ ಎಂಬ ಲಾಗ್. ಪ್ರತಿ ಸಲ ಓಡಿಸಿದಾಗಲೂ ಅದೇ ಫೈಲ್‌ನ ಕೊನೆಗೆ ಸೇರುತ್ತಾ ಹೋಗುತ್ತದೆ. ಹಾಗಾಗಿ ಎರರ್ ಎಂಬ ಪದವನ್ನು ಮೇಲಿನಿಂದ ಹುಡುಕಿದರೆ ಹಳೆಯ ಪ್ರಯತ್ನದ್ದು ಸಿಗುತ್ತದೆ. ಫೈಲ್‌ನ ತುದಿಗೆ ಹೋಗಿ, ಅಲ್ಲಿಂದ ಮೇಲಕ್ಕೆ ಬನ್ನಿ. ಕೊನೆಯ ಎರರ್ ಸಿಕ್ಕ ತಕ್ಷಣ ನಿಲ್ಲಬೇಡಿ, ಇನ್ನೂ ಸ್ವಲ್ಪ ಮೇಲೆ ಯಾವ ಡೊಮೇನ್ ಕಂಟ್ರೋಲರ್ ಆರಿಸಿಕೊಂಡಿತು ಅಂತ ಬರೆದಿರುತ್ತದೆ. ಆ ಹೆಸರು ಬಹಳ ಮುಖ್ಯ. ನೀವು ಒಂದು ಡಿಸಿಯನ್ನು ನೋಡುತ್ತಾ ‘ಎಲ್ಲ ಸರಿ ಇದೆಯಲ್ಲ’ ಅಂತ ತಲೆ ಕೆರೆದುಕೊಳ್ಳುವಾಗ, ಸೆಟಪ್ ಇನ್ನೊಂದು ಡಿಸಿಯ ಹಳೆಯ ಪ್ರತಿಯನ್ನು ಓದುತ್ತಿರಬಹುದು.

ಎರರೇ ಬರಲಿಲ್ಲ, ಆದರೆ ಅಂಕಿಗಳೂ ಬದಲಾಗಲಿಲ್ಲ ಅನ್ನುವ ವಿಚಿತ್ರವೂ ಉಂಟು. ಈಗಾಗಲೇ ಎಕ್ಸ್‌ಚೇಂಜ್ ಇರುವ ಸರ್ವರ್‌ನಲ್ಲಿ ಪವರ್‌ಶೆಲ್ ತೆರೆದು, ಹೊಸ ಐಎಸ್‌ಒ ಡ್ರೈವ್‌ಗೆ ಹೋಗಿ, ಬರೀ ಸೆಟಪ್ ಅಂತ ಟೈಪ್ ಮಾಡಿದರೆ ಪವರ್‌ಶೆಲ್ ಈಗಿನ ಫೋಲ್ಡರ್ ನೋಡುವುದಿಲ್ಲ, ಪಾತ್‌ನಲ್ಲಿರುವ ಹಳೆಯ ಸೆಟಪ್ ಅನ್ನು ಓಡಿಸುತ್ತದೆ. ಡ್ರೈವ್ ಅಕ್ಷರ ಸಮೇತ ಪೂರ್ತಿ ಪಾತ್ ಕೊಡಿ. ಹಾಗೆಯೇ ಹಳೆಯ ನೋಟ್ಸ್‌ನಿಂದ ಕಾಪಿ ಮಾಡಿದ ಕಮಾಂಡ್ ಲೈಸೆನ್ಸ್ ಸ್ವಿಚ್ ಹತ್ತಿರವೇ ಬೀಳುತ್ತದೆ. 2021ರ ಸೆಪ್ಟೆಂಬರ್‌ನ ಅಪ್‌ಡೇಟ್‌ಗಳಿಂದ ಈಚೆಗೆ ಡಯಾಗ್ನಾಸ್ಟಿಕ್ ಡೇಟಾ ಆನ್ ಅಥವಾ ಆಫ್ ಅಂತ ಆ ಸ್ವಿಚ್‌ನ ಬಾಲದಲ್ಲಿ ಹೇಳಲೇಬೇಕು.

8224: ಸ್ಕೀಮಾ ತುಂಬುವಾಗ ನಿಂತರೆ

ಎಲ್‌ಡಿಐಎಫ್‌ಡಿಇ ಸ್ಕೀಮಾ ಫೈಲ್ ತುಂಬುವಾಗ ತಪ್ಪಾಯಿತು, ಎರರ್ ಕೋಡ್ 8224 ಅಂತ ಬಂದರೆ ಹೆಚ್ಚು ಹುಡುಕಬೇಡಿ. ಮೇಲೆ ಹೇಳಿದ ರೆಪ್ಲಿಕೇಷನ್ ಭಾಗಕ್ಕೆ ವಾಪಸ್ ಹೋಗಿ. ಸ್ಕೀಮಾ ಮಾಸ್ಟರ್ ತನ್ನ ಜೊತೆಗಾರರಿಂದ ತರಿಸಿಕೊಳ್ಳಲು ಆಗದೆ ಬರೆಯಲು ನಿರಾಕರಿಸುತ್ತಿದೆ ಅನ್ನುವುದೇ ಇದರ ಸಾಮಾನ್ಯ ಅರ್ಥ. ಎರರ್ ಸಂದೇಶದಲ್ಲೇ ಎಲ್‌ಡಿಐಎಫ್ ಎರರ್ ಫೈಲ್ ಎಲ್ಲಿದೆ ಅಂತ ಹೇಳಿರುತ್ತದೆ, ಟೆಂಪ್ ಫೋಲ್ಡರ್‌ನಲ್ಲಿ. ಅದನ್ನು ತೆರೆದರೆ ಯಾವ ಸಾಲಿನಲ್ಲಿ, ಯಾವ ಆಬ್ಜೆಕ್ಟ್‌ನಲ್ಲಿ ನಿಂತಿತು ಗೊತ್ತಾಗುತ್ತದೆ. ಮೊದಲನೆಯ ಆಬ್ಜೆಕ್ಟ್‌ನಲ್ಲೇ ನಿಂತಿದ್ದರೆ ಮಾಸ್ಟರ್ ಬರೆಯಲೇ ಬಿಡುತ್ತಿಲ್ಲ. ಮಧ್ಯದಲ್ಲೆಲ್ಲೋ ನಿಂತಿದ್ದರೆ ಆ ಒಂದು ಆಬ್ಜೆಕ್ಟ್ ಅನ್ನು ಅನುಮಾನಿಸಿ, ಯಾರಾದರೂ ಹಿಂದೆ ಕೈಯಾರೆ ಸ್ಕೀಮಾ ತಿದ್ದಿದ್ದಾರಾ ಕೇಳಿ.

ಮಾಸ್ಟರ್‌ನ ಕಾಟ ತಾಳಲಾರದೆ ಪಾತ್ರವನ್ನೇ ಬೇರೆ ಡಿಸಿಗೆ ಸೀಝ್ ಮಾಡುವವರಿದ್ದಾರೆ, ಅಂದರೆ ಬಲವಂತವಾಗಿ ಕಿತ್ತು ಕೊಡುವವರು. ಹಳೆಯ ಮಾಸ್ಟರ್ ಮತ್ತೆ ಎಂದೂ ನೆಟ್‌ವರ್ಕ್‌ಗೆ ಬರುವುದಿಲ್ಲ ಅನ್ನುವುದಾದರೆ ಮಾತ್ರ ಆ ದಾರಿ. ಅದು ಇನ್ನೂ ಓಡುತ್ತಿದ್ದರೆ ಟ್ರಾನ್ಸ್‌ಫರ್ ಮಾಡಿ, ಸೀಝ್ ಬೇಡ.

ಪಾತ್ರ ಸಾಗಿಸುವ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಸ್ಕೀಮಾ ಮಾಸ್ಟರ್ ವಿಂಡೋಸ್ ಸರ್ವರ್ 2025 ಮೇಲೆ ಇದ್ದಾಗ ಎಕ್ಸ್‌ಚೇಂಜ್ ಸ್ಕೀಮಾ ತುಂಬಿದರೆ, ಕೆಲವು ಸ್ಕೀಮಾ ಆಬ್ಜೆಕ್ಟ್‌ಗಳಲ್ಲಿ ಒಂದೇ ಮೌಲ್ಯ ಎರಡೆರಡು ಸಲ ಸೇರಿಕೊಂಡು, ಹಳೆಯ ಡಿಸಿಗಳು ಅದನ್ನು ಒಪ್ಪದೆ 8418 ಎರರ್‌ನೊಂದಿಗೆ ರೆಪ್ಲಿಕೇಷನ್ ನಿಂತುಹೋಗುವ ತೊಂದರೆ ಕಂಡುಬಂದಿತ್ತು, ಮೈಕ್ರೋಸಾಫ್ಟ್ ಕೂಡ ಎಚ್ಚರಿಕೆ ಕೊಟ್ಟಿತ್ತು. ಇಲ್ಲಿ ಸೆಟಪ್ ಮಾತ್ರ ಯಶಸ್ವಿ ಅಂತಲೇ ಹೇಳುತ್ತದೆ, ಗೊತ್ತಾಗುವುದು ಆಮೇಲೆ. ತಯಾರಿಗೆ ಮುಂಚೆ ಮಾಸ್ಟರ್ ಪಾತ್ರವನ್ನು 2022 ಅಥವಾ 2019 ಡಿಸಿಗೆ ಸಾಗಿಸಿಕೊಳ್ಳುವುದು ಸುರಕ್ಷಿತ.

ಅಳಿಸಿಹೋದ ಗ್ರೂಪ್‌ನ ನೆನಪು

ಪ್ರಿಪೇರ್‌ಎಡಿಯಲ್ಲಿ ಬರುವ ಎರರ್‌ಗಳಲ್ಲಿ ನೋಡಲು ಅತಿ ಭಯಂಕರವಾದದ್ದು ಇದು. ವೆಲ್‌ನೋನ್ ಆಬ್ಜೆಕ್ಟ್ ಎಂಟ್ರಿ, ಅದರ ಮುಂದೆ ಬಿ, 32, ಆಮೇಲೆ ಉದ್ದನೆಯ ಅಂಕಿ ಅಕ್ಷರಗಳ ಸಾಲು, ಅದು ಅಳಿಸಿದ ಆಬ್ಜೆಕ್ಟ್ ಕಡೆ ತೋರಿಸುತ್ತಿದೆ ಅಂತ. ಆಗಿರುವುದು ಸರಳ. ಎಕ್ಸ್‌ಚೇಂಜ್ ತನ್ನ ಗ್ರೂಪ್‌ಗಳನ್ನು ಹೆಸರಿನಿಂದ ಹುಡುಕುವುದಿಲ್ಲ. ಕಾನ್ಫಿಗರೇಷನ್‌ನ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಕಂಟೇನರ್‌ನಲ್ಲಿ ಅದರ್‌ವೆಲ್‌ನೋನ್‌ಆಬ್ಜೆಕ್ಟ್ಸ್ ಎಂಬ ಆಟ್ರಿಬ್ಯೂಟ್ ಇದೆ, ಪ್ರತಿ ಗ್ರೂಪ್‌ಗೂ ಒಂದು ಖಾಯಂ ಗುರುತು ಮತ್ತು ಅದರ ವಿಳಾಸ ಅಲ್ಲಿರುತ್ತದೆ. ಗ್ರೂಪ್ ಅನ್ನು ಬೇರೆ ಓಯುಗೆ ಸಾಗಿಸಿದರೂ, ಹೆಸರು ಬದಲಿಸಿದರೂ ನಡೆಯುತ್ತದೆ. ಅಳಿಸಿದರೆ ಮಾತ್ರ ಆ ವಿಳಾಸ ಡಿಲೀಟೆಡ್ ಆಬ್ಜೆಕ್ಟ್ಸ್ ಕಡೆ ತಿರುಗಿಕೊಂಡು ಬಿಡುತ್ತದೆ.

ಇದರಲ್ಲಿ ದೊಡ್ಡ ಬಲೆ ಎಂದರೆ, ಅಳಿಸಿದವರು ಗಾಬರಿಯಾಗಿ ಅದೇ ಹೆಸರಿನ ಹೊಸ ಗ್ರೂಪ್ ಮಾಡಿಟ್ಟಿರುತ್ತಾರೆ. ನೋಡುವುದಕ್ಕೆ ಎಲ್ಲ ಇದ್ದ ಹಾಗೇ ಇದೆ. ಆದರೆ ಅದರ ಗುರುತು ಬೇರೆ, ಎಸ್‌ಐಡಿ ಬೇರೆ. ಎಕ್ಸ್‌ಚೇಂಜ್ ಪಾಲಿಗೆ ಅದು ಯಾರೋ ಅಪರಿಚಿತ ಗ್ರೂಪ್. ಗ್ರೂಪ್ ಆದ ತಾರೀಕನ್ನು ಅದರ ಆಬ್ಜೆಕ್ಟ್ ಟ್ಯಾಬ್‌ನಲ್ಲಿ ನೋಡಿ, ಪಕ್ಕದ ಗ್ರೂಪ್‌ಗಳಿಗಿಂತ ಬಹಳ ಈಚಿನದಾದರೆ ಅದೇ ಕಥೆ.

ಎಡಿ ರಿಸೈಕಲ್ ಬಿನ್ ಆನ್ ಇದ್ದು ಅವಧಿ ಮುಗಿದಿಲ್ಲದಿದ್ದರೆ ಮೊದಲು ಹೊಸ ನಕಲಿಯ ಹೆಸರು ಬದಲಿಸಿ, ಮೂಲ ಗ್ರೂಪ್ ಅನ್ನು ರಿಸ್ಟೋರ್ ಮಾಡಿ. ಸದಸ್ಯರ ಸಮೇತ ಬರುತ್ತದೆ, ಗುರುತೂ ಹಳೆಯದೇ. ಇದಕ್ಕಿಂತ ಚೆನ್ನಾದ ಪರಿಹಾರ ಇಲ್ಲ. ಆ ದಾರಿ ಮುಚ್ಚಿದ್ದರೆ ಕೆಟ್ಟ ಎಂಟ್ರಿ ಒಂದನ್ನೇ ತೆಗೆದು ಪ್ರಿಪೇರ್‌ಎಡಿ ಮತ್ತೆ ಓಡಿಸಬೇಕು, ಸೆಟಪ್ ಹೊಸ ಗ್ರೂಪ್ ಮಾಡಿಕೊಳ್ಳುತ್ತದೆ. ತೆಗೆಯಲು ಎಲ್‌ಡಿಪಿ ಅಥವಾ ಎಲ್‌ಡಿಐಎಫ್‌ಡಿಇ ಬಳಸಿ, ಎಡಿಎಸ್‌ಐ ಎಡಿಟ್ ಈ ಬಗೆಯ ಆಟ್ರಿಬ್ಯೂಟ್‌ಗೆ ಹೊಂದುವುದಿಲ್ಲ. ಮೊದಲು ಇಡೀ ಆಟ್ರಿಬ್ಯೂಟ್ ಅನ್ನು ಒಂದು ಫೈಲ್‌ಗೆ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಆಟ್ರಿಬ್ಯೂಟ್ ಅನ್ನೇ ಖಾಲಿ ಮಾಡಿದರೆ ಉಳಿದ ಒಳ್ಳೆಯ ಗ್ರೂಪ್‌ಗಳೂ ಅನಾಥವಾಗುತ್ತವೆ, ಹುಷಾರು. ಹೊಸದಾಗಿ ಬಂದ ಗ್ರೂಪ್‌ನಲ್ಲಿ ಹಳೆಯ ಸದಸ್ಯರು ಇರುವುದಿಲ್ಲ ಅನ್ನುವುದನ್ನೂ ಮರೆಯಬೇಡಿ. ಎಕ್ಸ್‌ಚೇಂಜ್ ಸರ್ವರ್ಸ್ ಎಂಬ ಗ್ರೂಪ್ ಆಗಿದ್ದರೆ ಇರುವ ಸರ್ವರ್‌ಗಳ ಕಂಪ್ಯೂಟರ್ ಅಕೌಂಟ್‌ಗಳನ್ನು ನೀವೇ ಸೇರಿಸಿ, ಆ ಸರ್ವರ್‌ಗಳನ್ನು ರೀಸ್ಟಾರ್ಟ್ ಮಾಡಬೇಕು.

ಎಂಟರ್‌ಪ್ರೈಸ್ ಅಡ್ಮಿನ್ ಆಗಿದ್ದರೂ ಆಕ್ಸೆಸ್ ಡಿನೈಡ್

ಲಾಗ್‌ನಲ್ಲಿ ಪ್ರಾಬ್ಲಂ 4003, ಸಾಕಷ್ಟು ಅಧಿಕಾರವಿಲ್ಲ ಅಂತ ಇರುತ್ತದೆ. ಅದೇ ಸಾಲಿನ ಹತ್ತಿರ ಯಾವ ಆಬ್ಜೆಕ್ಟ್ ಅನ್ನುವುದೂ ಇರುತ್ತದೆ. ಆ ಆಬ್ಜೆಕ್ಟ್‌ನ ಸೆಕ್ಯುರಿಟಿ ಟ್ಯಾಬ್ ತೆರೆಯಿರಿ. ಇನ್‌ಹೆರಿಟೆನ್ಸ್ (ಮೇಲಿನಿಂದ ಅನುಮತಿ ಇಳಿದುಬರುವುದು) ಯಾರೋ ಆಫ್ ಮಾಡಿದ್ದಾರೆ, ಇಲ್ಲವೇ ಡಿನೈ ಒಂದು ಕೂತಿದೆ. ಆಡಿಟ್ ಸಮಯದಲ್ಲಿ ಬಿಗಿ ಮಾಡುತ್ತೇವೆ ಅಂತ ಹೊರಟವರ ಕೈಕೆಲಸ ಸಾಮಾನ್ಯವಾಗಿ. ಸರಿಮಾಡಿ ಮತ್ತೆ ಓಡಿಸಿದರೆ ಇನ್ನೊಂದು ಆಬ್ಜೆಕ್ಟ್‌ನಲ್ಲಿ ನಿಲ್ಲಬಹುದು, ಬೇಸರ ಮಾಡಿಕೊಳ್ಳಬೇಡಿ. ಮತ್ತೆ ಮತ್ತೆ ಓಡಿಸುವುದರಿಂದ ಕೆಡುವುದೇನಿಲ್ಲ, ಆಗಿರುವುದನ್ನು ಬಿಟ್ಟು ಆಗದ್ದನ್ನು ಮುಂದುವರಿಸುತ್ತದೆ. ಕಾರಣ ಹುಡುಕದೆ ಸುಮ್ನೆ ಓಡಿಸುವುದು ಮಾತ್ರ ವ್ಯರ್ಥ.

ತಯಾರಿ ಮುಗಿಯಿತು, ಆದರೆ ಎಕ್ಸ್‌ಚೇಂಜ್ ಏಳುತ್ತಿಲ್ಲ

ಇದು ಸ್ವಲ್ಪ ಕಳ್ಳ ದೋಷ. ಮೂರು ಹಂತವೂ ಸರಿಯಾಗಿ ಮುಗಿದಿರುತ್ತದೆ, ಇನ್‌ಸ್ಟಾಲ್ ಮಧ್ಯದಲ್ಲಿ ಸರ್ವೀಸ್‌ಗಳು ಶುರುವಾಗದೆ ನಿಲ್ಲುತ್ತವೆ, ಅಥವಾ ರೀಸ್ಟಾರ್ಟ್ ನಂತರ ಆಕ್ಟಿವ್ ಡೈರೆಕ್ಟರಿ ಟೋಪಾಲಜಿ ಸರ್ವೀಸ್ ಏಳುವುದಿಲ್ಲ. ಅಪ್ಲಿಕೇಷನ್ ಲಾಗ್‌ನಲ್ಲಿ 2114 ಇವೆಂಟ್, ಬಳಸಬಹುದಾದ ಡಿಸಿ ಸಿಗಲಿಲ್ಲ ಅಂತ. ಪಿಂಗ್ ಮಾಡಿದರೆ ಡಿಸಿಗಳು ಆರಾಮಾಗಿವೆ.

ಅದೇ ಲಾಗ್‌ನಲ್ಲಿ 2080 ಇವೆಂಟ್ ತೆರೆಯಿರಿ. ಎಕ್ಸ್‌ಚೇಂಜ್ ಕಂಡ ಪ್ರತಿ ಡಿಸಿಗೂ ಒಂದು ಸಾಲು, ಅದರಲ್ಲಿ ಅಂಕಿಗಳ ಕಾಲಂಗಳು. ಸ್ಯಾಕಲ್ ರೈಟ್ ಎಂಬ ಕಾಲಂನಲ್ಲಿ 1 ಇರಬೇಕು. 0 ಇದ್ದರೆ ಆ ಡಿಸಿಯನ್ನು ಎಕ್ಸ್‌ಚೇಂಜ್ ಮುಟ್ಟುವುದಿಲ್ಲ. ಡೊಮೇನ್ ತಯಾರಿ ಮಾಡುವಾಗ ಸೆಟಪ್, ಡೀಫಾಲ್ಟ್ ಡೊಮೇನ್ ಕಂಟ್ರೋಲರ್ಸ್ ಪಾಲಿಸಿಯಲ್ಲಿ ಮ್ಯಾನೇಜ್ ಆಡಿಟಿಂಗ್ ಅಂಡ್ ಸೆಕ್ಯುರಿಟಿ ಲಾಗ್ ಎಂಬ ಹಕ್ಕನ್ನು ಎಕ್ಸ್‌ಚೇಂಜ್ ಸರ್ವರ್ಸ್ ಗ್ರೂಪ್‌ಗೆ ಕೊಡುತ್ತದೆ. ಡಿಸಿಗಳ ಓಯು ಮೇಲೆ ಯಾರಾದರೂ ಇನ್ನೊಂದು ಹಾರ್ಡನಿಂಗ್ ಪಾಲಿಸಿ ಕಟ್ಟಿದ್ದು, ಅದರಲ್ಲೂ ಇದೇ ಹಕ್ಕಿನ ಪಟ್ಟಿ ಇದ್ದರೆ ಎರಡೂ ಸೇರಿಕೊಳ್ಳುವುದಿಲ್ಲ, ಗೆದ್ದ ಪಾಲಿಸಿಯ ಪಟ್ಟಿ ಮಾತ್ರ ಉಳಿಯುತ್ತದೆ. ಅದರಲ್ಲಿ ಎಕ್ಸ್‌ಚೇಂಜ್ ಸರ್ವರ್ಸ್ ಇಲ್ಲ, ಅಷ್ಟೇ ವಿಷಯ. ಡಿಸಿಯಲ್ಲಿ ಆರ್‌ಸಾಪ್ (ಜಾರಿಯಲ್ಲಿರುವ ಪಾಲಿಸಿಗಳನ್ನು ತೋರಿಸುವ ಸಾಧನ) ತೆಗೆದು ಆ ಹಕ್ಕು ಯಾವ ಪಾಲಿಸಿಯಿಂದ ಬಂದಿದೆ ನೋಡಿ, ಗೆದ್ದ ಪಾಲಿಸಿಯಲ್ಲೇ ಗ್ರೂಪ್ ಸೇರಿಸಿ, ಡಿಸಿಗಳಲ್ಲಿ ಜಿಪಿಅಪ್‌ಡೇಟ್ ಮಾಡಿ, ಎಕ್ಸ್‌ಚೇಂಜ್ ಕಡೆ ಟೋಪಾಲಜಿ ಸರ್ವೀಸ್ ಮತ್ತೆ ಶುರು ಮಾಡಿ. ಎಕ್ಸ್‌ಚೇಂಜ್ ಸರ್ವರ್‌ಗಳನ್ನು ಡೊಮೇನ್ ಅಡ್ಮಿನ್ಸ್‌ಗೆ ಸೇರಿಸಿ ದಾಟಿಕೊಳ್ಳಿ ಎಂಬ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಮೇಲ್ ಸರ್ವರ್ ಒಂದು ಕೈತಪ್ಪಿದರೆ ಇಡೀ ಡೊಮೇನ್ ಹೋಗುತ್ತದೆ.

ಒಂದಿಷ್ಟು ಡಿಸಿಗಳಿಗೆ 1, ಉಳಿದವಕ್ಕೆ 0 ಇದ್ದರೆ ಪಾಲಿಸಿ ತಪ್ಪಿಲ್ಲ, ಆ ಡಿಸಿಗಳಿಗೆ ಪಾಲಿಸಿ ತಲುಪಿಲ್ಲ. ಪಾಲಿಸಿ ಫೈಲ್‌ಗಳಿರುವ ಸಿಸ್‌ವಾಲ್ ಫೋಲ್ಡರ್‌ನ ರೆಪ್ಲಿಕೇಷನ್ ನೋಡಿ. ರೆಪ್‌ಅಡ್ಮಿನ್ ಚೆನ್ನಾಗಿ ಕಂಡರೂ ಸಿಸ್‌ವಾಲ್ ಕೆಟ್ಟಿರಬಹುದು, ಅದರ ದಾರಿಯೇ ಬೇರೆ, ಡಿಎಫ್‌ಎಸ್ಆರ್.

ಹಂತದಿಂದ ಹಂತಕ್ಕೆ

ಒಂದು ಹಂತ ಮುಗಿದ ತಕ್ಷಣ ಮುಂದಿನದಕ್ಕೆ ಹಾರಬೇಡಿ. ಸೈಟ್‌ಗಳ ನಡುವಿನ ರೆಪ್ಲಿಕೇಷನ್ ಏನೂ ಬದಲಿಸದೆ ಬಿಟ್ಟರೆ 180 ನಿಮಿಷಕ್ಕೊಮ್ಮೆ, ಬದಲಿಸಿದರೂ 15ಕ್ಕಿಂತ ಕೆಳಗೆ ಹೋಗುವುದಿಲ್ಲ. ಅವಸರವಿದ್ದರೆ ರೆಪ್‌ಅಡ್ಮಿನ್ ಸಿಂಕ್‌ಆಲ್ ಮಾಡಿ. ಆಮೇಲೆ ರೆಪ್‌ಅಡ್ಮಿನ್‌ನ ಶೋಆಟ್ರ್ ಸ್ವಿಚ್‌ಗೆ ಡಿಸಿ ಹೆಸರಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಕೊಟ್ಟು ರೇಂಜ್‌ಅಪ್ಪರ್ ಕೇಳಿ, ಎಲ್ಲ ಡಿಸಿಗಳ ಉತ್ತರ ಸಾಲಾಗಿ ಬರುತ್ತದೆ. ಒಂದೇ ಒಂದು ಡಿಸಿ ಹಳೆಯ ಅಂಕಿ ಹೇಳಿದರೂ ಕಾಯಿರಿ ಅಥವಾ ಅದನ್ನು ಸರಿಮಾಡಿ. ಪ್ರಿಪೇರ್‌ಎಡಿ ಆದಮೇಲೆ ಕಾನ್ಫಿಗರೇಷನ್‌ನ ಅಂಕಿಗೂ ಹೀಗೆಯೇ.

ಬ್ಯಾಕಪ್ ಬಗ್ಗೆ ಎರಡು ಮಾತು. ಸ್ಕೀಮಾಗೆ ಸೇರಿಸಿದ್ದನ್ನು ತೆಗೆಯಲು ಬರುವುದಿಲ್ಲ, ಡೀಆಕ್ಟಿವೇಟ್ ಮಾಡಬಹುದು ಅಷ್ಟೆ. ಹಿಂದಕ್ಕೆ ಹೋಗಬೇಕಾದರೆ ಇಡೀ ಫಾರೆಸ್ಟ್ ರಿಕವರಿ, ಅಂದರೆ ಪ್ರತಿ ಡೊಮೇನ್‌ನ ಒಂದು ಡಿಸಿಯಾದರೂ ಸಿಸ್ಟಮ್ ಸ್ಟೇಟ್ ಬ್ಯಾಕಪ್‌ನಲ್ಲಿ ಇರಬೇಕು. ವರ್ಚುವಲ್ ಮಷೀನ್ ಸ್ನಾಪ್‌ಶಾಟ್ ಇದೆಯಲ್ಲ ಅನ್ನಬೇಡಿ. ಒಂದು ಡಿಸಿಯನ್ನು ಹಿಂದಕ್ಕೆ ತಿರುಗಿಸಿದರೆ, ಉಳಿದವುಗಳಿಂದ ಹೊಸ ಸ್ಕೀಮಾ ಮತ್ತೆ ಅದಕ್ಕೇ ಬಂದು ಸೇರುತ್ತದೆ.

ಎಲ್ಲ ಡಿಸಿಗಳಲ್ಲೂ ಅಂಕಿಗಳು ಹೊಂದಿದ ಮೇಲೆ ನಿಮ್ಮ ಅಕೌಂಟನ್ನು ಸ್ಕೀಮಾ ಅಡ್ಮಿನ್ಸ್‌ನಿಂದ ತೆಗೆದುಬಿಡಿ. ಸರ್ವರ್ ಇನ್‌ಸ್ಟಾಲ್‌ಗೆ ಅದು ಬೇಕಿಲ್ಲ, ಆರ್ಗನೈಸೇಷನ್ ಮ್ಯಾನೇಜ್‌ಮೆಂಟ್ ಗ್ರೂಪ್ ಮತ್ತು ಆ ಸರ್ವರ್‌ನ ಲೋಕಲ್ ಅಡ್ಮಿನ್ ಇದ್ದರೆ ಆಯಿತು.